ಎಡ ಕಂಬದ ದೀಪ

ಪಿಕಪ್ಪಿನ ಮುಂಗಾಜಿನ ಬಲಗಡೆಯ ಕಂಬದ ಮೇಲೆ ಅಪ್ಪ ಚೂಪು ಮೊನೆಯ ಪಂಚ್ ಇಟ್ಟು ಸುತ್ತಿಗೆಯಿಂದ ಹಗುರವಾಗಿ ಕೊಟ್ಟ ಒಂದು ಏಟು ಅವಳಿಗೆ ಹಲ್ಲಿನ ಬುಡದಲ್ಲಿ ಕೇಳಿಸಿತು. ಹಸಿರು ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಬೆಳ್ಳನೆಯ ಕುಳಿ ಬಿತ್ತು. ಡ್ರಿಲ್ಲಿನ ಮೊನೆ ಜಾರದಿರಲೆಂದು ಮಾಡುವ ಗುರುತು ಅದು. ಇನ್ನು ಚಹಾ ಕುಡಿದು ಬಂದು ಅಲ್ಲಿ ತೂತು ಕೊರೆಯುವುದೊಂದೇ ಬಾಕಿ. ಆಮೇಲೆ ಸ್ಪಾಟ್‌ಲೈಟಿನ ಕೊಳವೆ ಆ ತೂತಿನಿಂದ ಒಳಕ್ಕೆ ಹೋಗುತ್ತದೆ, ಡ್ರೈವರ್ ಕೂತಲ್ಲಿಂದಲೇ ಹಿಡಿ ತಿರುಗಿಸಿ ದೀಪವನ್ನು ಬೇಕಾದ ಕಡೆ ಹೊರಳಿಸಬಹುದು. ಮೂರು ಗಂಟೆಗೆ ನರ್ಸಮ್ಮ ಬರುತ್ತಾರೆ. ತಮ್ಮ ಗಂಡನ ಪಿಕಪ್ಪು ಮೊದಲು ಹೇಗಿತ್ತೋ ಹಾಗೇ ಆಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತಾರೆ. ಮುಟ್ಟಿಯೇ ನೋಡಬೇಕು, ಯಾಕೆಂದರೆ ಅವರ ಕಣ್ಣಿಗೆ ಈಗ ಬಿಸಿಲು ನೆರಳು ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ. ಅಪ್ಪ ಸುತ್ತಿಗೆಯನ್ನು ಅದರ ಮೊಳೆಗೆ ತೂಗುಹಾಕಿ, ಕೈ ಒರೆಸಿಕೊಂಡು, ಚಹಾ ಆರುತ್ತದೆ ಬಾ ಎಂದು ಹಿಂದಿನ ಕೋಣೆಗೆ ಹೋದರು. ಅವಳು ಕೂಡಲೇ ಹೋಗಲಿಲ್ಲ. ಪಿಕಪ್ಪಿನ ಮೂತಿಯನ್ನು ಸುತ್ತಿಕೊಂಡು ಎಡಗಡೆಗೆ ಬಂದು, ಎಡ ಕಂಬದ ಮೇಲೆ ನಡುಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಎಳೆದಳು. ಏನೂ ಸಿಗಲಿಲ್ಲ. ನಿನ್ನೆ ಸಂಜೆಯಿಂದ ಇದು ಹನ್ನೊಂದನೆಯ ಸಲ. ಅಲ್ಲೊಂದು ತೂತು ಇತ್ತು. ಅವಳೇ ಮುಚ್ಚಿಸಿದ್ದಳು.

ಮುಚ್ಚಿಸಿದ್ದಕ್ಕೆ ದಾಖಲೆ ಬೇರೆ ಇತ್ತು, ಅವಳದೇ ದುಂಡನೆಯ ಅಕ್ಷರದಲ್ಲಿ. ಏಳು ತಿಂಗಳ ಹಿಂದೆ ಪಿಕಪ್ಪು ಹಗ್ಗ ಕಟ್ಟಿಸಿಕೊಂಡು ಶೆಡ್ಡಿಗೆ ರಿಪೇರಿಗೆ ಬಂದ ದಿನ ಅಪ್ಪ ಅವಳ ಮುಖ ನೋಡದೆ, ಒಂದು ನೋಟುಪುಸ್ತಕ ಹಿಡ್ಕೊಂಡು ಬಾ, ಬರೆಯೋ ಕೆಲಸ ಇದೆ ಅಂದಿದ್ದರು. ಪದವಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತ ಮಗಳಿಗೆ, ಸಂದರ್ಶನಕ್ಕೆ ಹೋದಲ್ಲೆಲ್ಲ ಮೇಜಿನಾಚೆಯವರು ‘ಸ್ವಲ್ಪ ಜೋರಾಗಿ’ ಎಂದಾಗ ಇದ್ದ ದನಿಯೂ ಇಂಗಿಹೋಗುವ ಮಗಳಿಗೆ, ಅದು ಕೆಲಸವೋ ಕನಿಕರವೋ ಎಂದು ಆ ದಿನದ ಡೈರಿಯಲ್ಲಿ ಒಂದು ಪುಟ ತುಂಬ ಬರೆದುಕೊಂಡಿದ್ದಳು. ಆದರೆ ನೋಟುಪುಸ್ತಕದ ಮೊದಲ ಹಾಳೆಯಲ್ಲಿ ಆ ಸಂಶಯದ ಸುಳಿವೂ ಇರಲಿಲ್ಲ. ಯಾವುದೋ ಕಚೇರಿಯ ಹಿರಿಯ ಗುಮಾಸ್ತೆಯ ಹಾಗೆ ಬರೆದಿದ್ದಳು: ‘ಎಡ ಕಂಬದಲ್ಲಿ ಅನಗತ್ಯ ರಂಧ್ರ, ಒಂದು. ಮುಚ್ಚತಕ್ಕದ್ದು.’ ಅನಗತ್ಯ ಎಂಬುದರ ಕೆಳಗೆ ಸ್ಕೇಲಿಟ್ಟು ಗೆರೆ. ಯಾಕೆಂದರೆ ಅಷ್ಟರಲ್ಲಿ ಕ್ಯಾಟಲಾಗು ಅವಳ ಕೈಗೆ ಬಂದಿತ್ತು. ಹಳೆಯ ಗಾಡಿಗಳ ಹುಚ್ಚಿನ ಯಾರೋ ಒಬ್ಬರು ಅಂಚೆಯಲ್ಲಿ ಕಳಿಸಿಕೊಟ್ಟ ಮೂವತ್ತೆರಡು ಪುಟದ ಪುಸ್ತಿಕೆ, ಈ ಪಿಕಪ್ಪಿಗೆಂದೇ ಆಗ ಮಾರುತ್ತಿದ್ದ ಹೆಚ್ಚುವರಿ ಸಾಮಾನುಗಳದ್ದು. ಮುಂದಿನ ಗಾಜಿನ ಮೇಲೆ ಹುಬ್ಬಿನಂತೆ ಚಾಚುವ ತಗಡಿನ ಬಿಸಿಲುಮರೆ. ಎಣ್ಣೆಯಲ್ಲಿ ತೇಲುವ, ಲಿಂಬೆಹಣ್ಣಿನಷ್ಟು ದಪ್ಪದ ದಿಕ್ಸೂಚಿ. ಮೂರು ರಬ್ಬರ್ ರೆಕ್ಕೆಯ ಫ್ಯಾನು, ಬೆರಳು ಇಟ್ಟರೂ ಕತ್ತರಿಸದಂಥದ್ದು. ಬಾಗಿಲಿನ ಹಿಡಿಯ ಹಿಂದೆ ಉಗುರು ತಾಗಿ ಬಣ್ಣ ಗೀರದಿರಲೆಂದು ಕೂರಿಸುವ ಪುಟ್ಟ ಬೋಗುಣಿಯಂಥ ಹೊಳೆಯುವ ತಗಡು. ಉಗುರಿಗಾಗಿ! ಮನುಷ್ಯನ ಉಗುರಿನ ಅಭ್ಯಾಸವನ್ನು ಎಲ್ಲೋ ಕೂತು ಯೋಚಿಸಿದ ಒಬ್ಬರು ಈ ಲೋಕದಲ್ಲಿ ಇದ್ದರೆಂಬುದೇ ಅವಳಿಗೆ ಮೈ ಜುಮ್ಮೆನ್ನಿಸಿತ್ತು. ಒಂದೊಂದನ್ನೂ ಹುಡುಕುತ್ತ ಗುಜರಿ ಅಂಗಡಿಗಳ ಸಂದುಗಳಲ್ಲಿ, ಮುಚ್ಚಿದ ಗ್ಯಾರೇಜುಗಳ ಅಟ್ಟಗಳಲ್ಲಿ, ಗಂಡಂದಿರ ಪೆಟ್ಟಿಗೆಗಳನ್ನು ಬಿಚ್ಚಲು ಮನಸ್ಸಿಲ್ಲದ ಹೆಂಗಸರ ಹಜಾರಗಳಲ್ಲಿ ಅಲೆದಳು. ದಿಕ್ಸೂಚಿ ಸಿಕ್ಕ ದಿನ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು. ಬಸ್ಸು ಎಷ್ಟು ತಿರುವು ತೆಗೆದುಕೊಂಡರೂ ಒಳಗಿನ ಚೆಂಡು ತನ್ನ ಹಟ ಬಿಡದೆ ಉತ್ತರಕ್ಕೇ ಮುಖ ಮಾಡಿಕೊಂಡಿತ್ತು. ಅವಳು ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟಿದ್ದಳು.

ಕ್ಯಾಟಲಾಗಿನ ಹದಿನಾಲ್ಕನೆಯ ಪುಟದಲ್ಲಿ ಸ್ಪಾಟ್‌ಲೈಟು ಡ್ರೈವರ್ ಬದಿಗಿತ್ತು, ಬಲಗಡೆಗೆ. ಹಾಗಿದ್ದ ಮೇಲೆ ಎಡಗಡೆಯ ತೂತಿಗೆ ಅರ್ಥವೇ ಇರಲಿಲ್ಲ. ಇದು ಯಾರೋ ತಿಳಿಯದವರು ಕೊರೆದು ಹಾಳು ಮಾಡಿದ್ದು, ಪುಸ್ತಕದಲ್ಲಿ ಇಲ್ಲ ಎಂದು ಅಪ್ಪನಿಗೆ ಹೇಳಿದ್ದಳು. ಅಪ್ಪ ತೂತಿನೊಳಗೆ ಕಿರುಬೆರಳು ತೂರಿಸಿ ಒಂದು ಸುತ್ತು ತಿರುಗಿಸಿದ್ದರು, ಆಮೇಲೆ ಅವಳನ್ನು ನೋಡಿದ್ದರು, ಆಮೇಲೆ ಸರಿ ಅಂದಿದ್ದರು. ಒಂದು ಫೋನು ಮಾಡಿ ನರ್ಸಮ್ಮನನ್ನೇ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಫೋನು ಎತ್ತುವುದೆಂದರೆ ಅವಳಿಗೆ ಮೊದಲ ವಾಕ್ಯವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು, ಬರೆದುಕೊಂಡರೂ ಅತ್ತಲಿಂದ ಬರುವ ಎರಡನೆಯ ವಾಕ್ಯ ಯಾವುದೋ ಗೊತ್ತಿರುವುದಿಲ್ಲ. ಪುಸ್ತಕಕ್ಕೆ ಆ ಕಾಟವಿಲ್ಲ, ಅದು ತಿರುಗಿ ಏನನ್ನೂ ಕೇಳುವುದಿಲ್ಲ. ನಿನ್ನೆ ನರ್ಸಮ್ಮ ತಾವಾಗಿಯೇ ಫೋನು ಮಾಡಿದ್ದರು, ನಾಳೆ ಬರುತ್ತೇನೆ ಎನ್ನಲು. ಮಾತು ಮುಗಿಸುವಾಗ, ದೀಪದ ಹಿಡಿ ಸ್ವಲ್ಪ ಬಿಗಿಯಾಗೇ ಇರಲಿ ಎಂದರು, ಸಡಿಲವಾದರೆ ಗಾಡಿ ಕುಲುಕಿದಾಗ ದೀಪ ತಲೆ ತೂಗುತ್ತದಂತೆ. ಆಗಲಿ, ಡ್ರೈವರಿಗೆ ಅನುಕೂಲವಾಗುವ ಹಾಗೆ ಮಾಡುತ್ತೇವೆ ಎಂದು ಅವಳು ಬರೆದಿಟ್ಟುಕೊಳ್ಳದ ಒಂದು ವಾಕ್ಯವನ್ನು ಧೈರ್ಯ ಮಾಡಿ ಹೇಳಿದಳು. ಅತ್ತಲಿಂದ ನಗು ಬಂತು.

"ಡ್ರೈವರಿಗೆಲ್ಲಿ ಕಣಮ್ಮ? ಅವರು ಸ್ಟೇರಿಂಗ್ ಹಿಡ್ಕೊಂಡು ರಸ್ತೆ ನೋಡೋರು. ದೀಪ ನನ್ನ ಕಡೆಗಿತ್ತು. ಬಾಗಿಲು ಹುಡುಕೋಳು ನಾನಲ್ವಾ."

ಹಗಲೆಲ್ಲ ಹಾಲಿನ ಕ್ಯಾನು ಸಾಗಿಸುತ್ತಿದ್ದ ಪಿಕಪ್ಪು ಅದು. ಯಾರಿಗೋ ಹೆರಿಗೆ ನೋವು ಶುರುವಾಗಿದೆಯೆಂದು ಹೇಳಿ ಬಂದಾಗ ಗಂಡ ಕ್ಯಾನುಗಳನ್ನು ಇಳಿಸಿ, ಹೆಂಡತಿಯನ್ನು ಎಡಗಡೆ ಕೂರಿಸಿಕೊಂಡು ಹೊರಡುತ್ತಿದ್ದರಂತೆ. ಗುರುತಿಲ್ಲದ ಬೀದಿಗಳು, ಅಳಿಸಿಹೋದ ಮನೆ ನಂಬರುಗಳು. ಅವರು ನಿಧಾನಕ್ಕೆ ಓಡಿಸುವುದು, ಇವರು ದೀಪ ತಿರುಗಿಸಿ ಒಂದೊಂದೇ ಬಾಗಿಲು ನೋಡುವುದು. ಮೂವತ್ತು ವರ್ಷ. ಫೋನು ಇಟ್ಟ ಮೇಲೆ ಅವಳು ಕೋಣೆಯಲ್ಲಿ ನಿಂತೇ ಇದ್ದಳು. ಎಷ್ಟು ಬಾಗಿಲುಗಳು, ಆ ಬಾಗಿಲುಗಳ ಹಿಂದೆ ಎಷ್ಟು ಮಂದಿ, ಅವರಲ್ಲಿ ಅರ್ಧ ಜನ ಇವತ್ತು ಇದೇ ಊರಿನ ಬೀದಿಗಳಲ್ಲಿ ಸೈಕಲ್ಲು ತುಳಿಯುತ್ತ, ತರಕಾರಿ ಆರಿಸುತ್ತ, ತಲೆಗೂದಲು ನರೆಸಿಕೊಂಡು ಓಡಾಡುತ್ತಿರಬಹುದು. ಮೊದಲ ಬಾರಿ ಅವರ ಮನೆ ಬಾಗಿಲ ಮೇಲೆ ಬಿದ್ದ ಬೆಳಕು ಒಂದು ತೂತಿನಿಂದ ಬಂದದ್ದು. ಅನಗತ್ಯ. ಒಂದು. ಸ್ಕೇಲಿಟ್ಟು ಗೆರೆ.

ಚಹಾ ಕುಡಿಯುವಾಗ ಹೇಳಬೇಕೆಂದುಕೊಂಡು ಈಗ ಹಿಂದಿನ ಕೋಣೆಗೆ ಹೋದಳು. ಅಪ್ಪ ಯಾವಾಗಲೂ ಒಂದೇ ಗುಟುಕಿಗೆ ಲೋಟ ಖಾಲಿ ಮಾಡುವವರು, ಇವತ್ತು ಅರ್ಧ ಕುಡಿದು ಕೆಳಗಿಟ್ಟು, ಇನ್ನೊಂದರ್ಧ ಹಾಕು ಅಂದರು. ಅವಳು ಬಾಯಿ ತೆರೆದಳು. ಅಪ್ಪನ ಉಗುರಿನ ಸಂದಿನಲ್ಲಿ ಹಸಿರು ಬಣ್ಣ ಇತ್ತು. ಆ ಎಡ ಕಂಬಕ್ಕೆ ಅವರು ಒಂಬತ್ತು ಸಲ ಉಪ್ಪುಕಾಗದ ಹಾಕಿ ಉಜ್ಜಿದ್ದರು, ಪ್ರತಿ ಸಲವೂ ಕಣ್ಣು ಮುಚ್ಚಿ ಕೆನ್ನೆ ತಾಗಿಸಿ ನೋಡಿದ್ದರು, ಕೈ ಸುಳ್ಳು ಹೇಳುತ್ತೆ ಕೆನ್ನೆ ಹೇಳಲ್ಲ ಎಂದು. ಇಡೀ ಪಿಕಪ್ಪಿನಲ್ಲಿ ಅಷ್ಟು ನುಣುಪಾದ ಜಾಗ ಇನ್ನೊಂದಿರಲಿಲ್ಲ. ಅದನ್ನು ಮತ್ತೆ ಕೊರೆಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳದಿದ್ದರೆ ಇನ್ನರ್ಧ ಗಂಟೆಯಲ್ಲಿ ಬಲ ಕಂಬವೂ ತೂತಾಗುತ್ತದೆ. ಗಂಟಲಿನಿಂದ ಹೊರಬಿದ್ದದ್ದು ಮಾತ್ರ ಬೇರೆಯೇ: ಅಳತೆ ಇನ್ನೊಮ್ಮೆ ನೋಡಬೇಕು, ದೀಪ ಕೂರಿಸುವ ಬ್ರಾಕೆಟ್ಟಿನದ್ದು ಏನೋ ಅನುಮಾನ, ಗುಜರಿ ತಾತನ ಹತ್ತಿರ ಹೋಗಿ ಬರುತ್ತೇನೆ, ಅಲ್ಲೀವರೆಗೆ ಕೊರೆಯಬೇಡಿ. ಅಪ್ಪ ಲೋಟದೊಳಗೆ ನೋಡುತ್ತ, ಹೋಗಿ ಬಾ, ನಾನು ಇಲ್ಲೇ ಇರ್ತೀನಿ ಎಂದರು. ಆ ‘ಇಲ್ಲೇ ಇರ್ತೀನಿ’ ಎಂಬುದನ್ನು ಅವಳು ಸೈಕಲ್ಲಿನ ಮೇಲೆ ದಾರಿಯುದ್ದಕ್ಕೂ ತಿರುಗಿಸಿ ಮುರುಗಿಸಿ ನೋಡಿದಳು.

ಎಲ್ಲರೂ ತುಕ್ಕುತಾತ ಎಂದು ಕರೆಯುವ ಆ ಗುಜರಿಯವರ ಅಂಗಳಕ್ಕೆ ಕಾಲಿಡುವಾಗಲೇ ಅವಳ ಕಿವಿ ಬಿಸಿಯಾಗಿತ್ತು. ನಾಲ್ಕು ತಿಂಗಳ ಹಿಂದೆ ಇದೇ ಜಾಗದಲ್ಲಿ, ಬಂಪರುಗಳ ಈ ಗುಡ್ಡೆಯ ಪಕ್ಕದಲ್ಲಿ, ತಾತ ಒಂದು ಸ್ಪಾಟ್‌ಲೈಟನ್ನು ಮಗುವಿನ ತಲೆಯಂತೆ ಎರಡು ಕೈಯಲ್ಲಿ ಹಿಡಿದು ತಂದಿದ್ದರು. ಗಾಜು ಬಿರುಕಿಲ್ಲ, ಕನ್ನಡಿ ಮಂಕಾಗಿಲ್ಲ. ಜತೆಗಿದ್ದ ಬ್ರಾಕೆಟ್ಟು ಮಾತ್ರ ಎಡ ಕಂಬಕ್ಕೆ ಬಾಗಿದ್ದು. ಅವಳು ಇನ್ನಿಬ್ಬರು ಗಿರಾಕಿಗಳ ಎದುರೇ ಚೀಲದಿಂದ ಕ್ಯಾಟಲಾಗು ತೆಗೆದು, ಹದಿನಾಲ್ಕನೆಯ ಪುಟ ಬಿಡಿಸಿ, ಇದು ತಪ್ಪು, ನಮಗೆ ಸರಿಯಾದದ್ದು ಬೇಕು ಎಂದು ಓದಿ ಹೇಳಿದ್ದಳು. ಜೀವನದಲ್ಲಿ ಮೊದಲ ಬಾರಿ ಒಬ್ಬ ಅಪರಿಚಿತರಿಗೆ ತಪ್ಪು ಎಂದು ಹೇಳಿದ ದಿನ ಅದು. ಡೈರಿಯಲ್ಲಿ ‘ಇವತ್ತು ನನ್ನ ದನಿ ನಡುಗಲಿಲ್ಲ’ ಎಂದು ಬರೆದಿದ್ದಳು. ತಾತ ತಿಂಗಳೊಪ್ಪತ್ತಿನಲ್ಲಿ ಬಲಗಡೆಯ ಬ್ರಾಕೆಟ್ಟು ಹುಡುಕಿಕೊಟ್ಟಿದ್ದರು. ಈಗ ಅದನ್ನು ಕಾಗದದಲ್ಲಿ ಸುತ್ತಿ ತಂದು ಅವರ ಮುಂದೆ ನಿಂತಿದ್ದಳು.

"ಏನಮ್ಮ ಕ್ಯಾಟಲಾಗಮ್ಮ, ಇವತ್ತು ಪುಸ್ತಕ ಮನೇಲಿ ಬಿಟ್ಟು ಬಂದ್ಯಾ?"

"ಎಡಗಡೆದು ಬೇಕಿತ್ತು ತಾತ. ತಪ್ಪು ನಂದು."

ದನಿ ನಡುಗಿತು. ಅವರು ಇನ್ನೊಂದು ಮಾತು ಆಡುತ್ತಾರೆ, ಆಡಲಿ, ಆಡಬೇಕು ಎಂದು ಕಾದಳು. ಅವರು ಮೊಣಕಾಲು ಹಿಡಿದುಕೊಂಡು ಎದ್ದು, ಒಂದು ತಗಡಿನ ಡಬ್ಬ ಎಳೆದು, ಯಾರೂ ಕೇಳದ ಎಡಗಡೆಯ ಸಾಮಾನುಗಳೆಲ್ಲ ಇದರಲ್ಲೇ ಇರುತ್ತವೆ ಎನ್ನುತ್ತ ಕೈಯಾಡಿಸಿದರು. ಬ್ರಾಕೆಟ್ಟು, ಕೊಳವೆ, ತುದಿಯಲ್ಲಿ ಹಿಡಿ. ಹಿಡಿಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಮೇಲಿನ ಹೊಳಪಿನ ಲೇಪ ಒಂದು ಕಡೆ ಮಾತ್ರ, ಹೆಬ್ಬೆರಳು ಕೂರುವಷ್ಟು ಜಾಗದಲ್ಲಿ, ಸವೆದು ಒಳಗಿನ ಲೋಹ ಕಾಣುತ್ತಿತ್ತು. "ಯಾವ ಗಾಡೀದೋ ಏನೋ. ಎಡಗಡೆ ಕೂತು ಯಾರೋ ಒಬ್ಬರು ಜನ್ಮಪೂರ್ತಿ ತಿರುಗಿಸಿದ್ದಾರೆ ನೋಡು" ಎಂದರು. ಅವಳು ತನ್ನ ಎಡಗೈ ಹೆಬ್ಬೆರಳನ್ನು ಆ ಸವೆತದ ಮೇಲೆ ಇಟ್ಟಳು. ಅಷ್ಟಗಲದ ಜಾಗ ಅವಳ ಬೆರಳಿಗೆ ದೊಡ್ಡದಾಯಿತು. ಲೋಹ ಸವೆಯಬೇಕಾದರೆ ಚರ್ಮ ಎಷ್ಟು ಸಾವಿರ ಸಲ ಬರಬೇಕು? ಕ್ಯಾಟಲಾಗಿನ ಮೂವತ್ತೆರಡು ಪುಟಗಳಲ್ಲಿ ಸಾಮಾನುಗಳೆಲ್ಲ ಹೊಸವು, ಅವುಗಳ ಹತ್ತಿರ ಒಂದು ಕೈ ಕೂಡ ಇರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು.

ವಾಪಸು ಬಂದಾಗ ಅಪ್ಪ ಡ್ರಿಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ವೈರು ಸಿಕ್ಕಿಸಿರಲಿಲ್ಲ. ಅವಳು ಮಾತಿಗೆ ಕಾಯಲಿಲ್ಲ, ಮಾತು ಬರುವುದಿಲ್ಲವೆಂದು ಗೊತ್ತಿತ್ತು. ನೋಟುಪುಸ್ತಕದ ಮೊದಲ ಹಾಳೆ ಬಿಡಿಸಿ, ಬ್ರಾಕೆಟ್ಟನ್ನು ಅದರ ಮೇಲಿಟ್ಟು, ಎರಡನ್ನೂ ಒಟ್ಟಿಗೆ ಚಾಚಿದಳು. ದೀಪ ನರ್ಸಮ್ಮನ ಕಡೆಗಿತ್ತಂತೆ ಎಂಬಷ್ಟು ಹೇಗೋ ಹೊರಬಂತು. ಅಪ್ಪ ಹಾಳೆಯನ್ನು ಓದಲಿಲ್ಲ. ಬ್ರಾಕೆಟ್ಟನ್ನು ಎತ್ತಿ ಅದರ ಬಾಗನ್ನು ನೋಡಿ, ತಲೆಯಾಡಿಸಿದರು.

"ಅನುಮಾನ ಇತ್ತು. ಆ ತೂತಿನ ಅಂಚಿಗೆ ಅರ ಹಾಕಿ ಉಜ್ಜಿದ್ರು. ಬೇಕಾಬಿಟ್ಟಿ ಕೊರೆಯೋರು ಯಾರೂ ಹಾಗೆ ಉಜ್ಜಲ್ಲ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲಪ್ಪ?"

ಅಪ್ಪ ಉಗುರಿನ ಹಸಿರನ್ನು ಕೆರೆದರು. "ನೀನು ಅವತ್ತು ಜೋರಾಗಿ ಮಾತಾಡಿದೆ" ಎಂದರು. "ಮನೇಲಿ ಅಷ್ಟು ಜೋರಾಗಿ ನಿನ್ನ ದನಿ ಕೇಳಿ ಎಷ್ಟೋ ವರ್ಷ ಆಗಿತ್ತು."

ಅವಳು ಪುಸ್ತಕ ಮುಚ್ಚಿದಳು, ಮತ್ತೆ ತೆರೆದಳು. ಒಂಬತ್ತು ಸಲ ಉಪ್ಪುಕಾಗದ. ಕೆನ್ನೆ ತಾಗಿಸಿ ತಾಗಿಸಿ. ತಪ್ಪೆಂದು ಬೆರಳು ಹೇಳುತ್ತಿದ್ದ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದ್ದರಲ್ಲ ಎಂದುಕೊಂಡಾಗ ಅವಳಿಗೆ ಅಳು ಬರಲಿಲ್ಲ, ಒಂದು ಬಗೆಯ ಭಯ ಬಂತು, ತೀರಾ ಎತ್ತರದ ಏನನ್ನೋ ಬುಡದಲ್ಲಿ ನಿಂತು ನೋಡುವಾಗ ಬರುವಂಥದ್ದು. ಅಷ್ಟರಲ್ಲಿ ಅಪ್ಪ ಎದ್ದಿದ್ದರು. ಎಡಬಾಗಿಲಿನ ಮೇಲಿನ ಕೀಲಿನ ಮೇಲೆ ಹೆಬ್ಬೆರಳೂರಿ, ಕಂಬದುದ್ದಕ್ಕೂ ಕೈ ಬಿಡಿಸಿ, ಒಂದು ಗೇಣು, ಅದರ ಮೇಲೆ ಮೂರು ಬೆರಳು ಅಳೆದರು. ಆ ಜಾಗದಲ್ಲಿ ಉಗುರಿನಿಂದ ಟಕ್ಕೆಂದು ತಟ್ಟಿದರು. ಸ್ವಲ್ಪ ಪಕ್ಕಕ್ಕೆ ತಟ್ಟಿದರು. ಮತ್ತೆ ಮೊದಲ ಜಾಗಕ್ಕೇ ಬಂದರು. ಅವಳಿಗೆ ಎರಡೂ ಒಂದೇ ಸದ್ದು. ಅಪ್ಪನಿಗಲ್ಲ. ಪಂಚ್ ಇಟ್ಟು ಒಂದು ಏಟು ಕೊಟ್ಟು, ವೈರು ಸಿಕ್ಕಿಸಲು ಹೇಳಿದರು.

ಮೊದಲು ಹಸಿರು ಪುಡಿ ಉದುರಿತು. ಆಮೇಲೆ ಮೆತ್ತಿದ್ದ ಪುಟ್ಟಿಯ ಬೂದು, ಅಡಿಲೇಪದ ಪ್ರೈಮರಿನ ಇಟ್ಟಿಗೆ ಬಣ್ಣ. ಒಂದೊಂದು ಬಣ್ಣಕ್ಕೂ ಒಂದೊಂದು ವಾರ ಹಿಡಿದಿತ್ತು, ಅದು ಅವಳಿಗೆ ತಾರೀಖಿನ ಸಮೇತ ಗೊತ್ತು. ಪುಡಿ ಸೀಟಿನ ಮೇಲೆ ಬೀಳದಿರಲೆಂದು ಅಂಗೈ ಒಡ್ಡಿ ನಿಂತಿದ್ದಳು. ಇನ್ನು ಕಬ್ಬಿಣದ ಕಪ್ಪು ಚೂರು ಬರುತ್ತದೆ ಎಂದುಕೊಳ್ಳುವಾಗ ಅಂಗೈಗೆ ಬಿದ್ದದ್ದು ಹಳದಿ. ಗುಂಗುರು ಗುಂಗುರಾಗಿ, ಬಿಸಿಬಿಸಿಯಾಗಿ, ಚಿನ್ನದ ಹಾಗೆ. ಅವಳು ತಲೆಯೆತ್ತಿದಳು. ಹಿತ್ತಾಳೆ, ಎಂದರು ಅಪ್ಪ, ಡ್ರಿಲ್ಲು ನಿಲ್ಲಿಸದೆ. ಕಬ್ಬಿಣ ಹಾಕಿ ಬೆಸೆದಿದ್ದರೆ ಕಂಬವೂ ಮುಚ್ಚಳವೂ ಒಂದೇ ಆಗಿಬಿಡುತ್ತಿತ್ತು, ಮತ್ತೆ ಹುಡುಕಲು ಆಗುತ್ತಿರಲಿಲ್ಲ. ಹಿತ್ತಾಳೆ ಮೆದು. ಸುತ್ತ ಕಬ್ಬಿಣ ಗಟ್ಟಿ ಇರುವುದರಿಂದ ಮೊನೆ ಅತ್ತಿತ್ತ ಹೋಗದೆ ಹಳೆಯ ತೂತನ್ನು ತಾನೇ ಹುಡುಕಿಕೊಳ್ಳುತ್ತದೆ. ಹಾಗೆಂದು ಅವರು ವಿವರಿಸಿದ್ದು ಅಷ್ಟೇ. ಒಳಗಡೆ ಹೊದಿಕೆಯ ಬಟ್ಟೆ ಎತ್ತಿದರೆ ಒಳತಗಡಿನ ತೂತನ್ನು ಅವರು ಮುಚ್ಚಿಯೇ ಇರಲಿಲ್ಲ. ಹಾಗೇ ಬಿಟ್ಟು ಮೇಲೆ ಬಟ್ಟೆ ಎಳೆದಿದ್ದರು. ತಿಂಗಳುಗಳಿಂದ ಈ ಶೆಡ್ಡಿನಲ್ಲಿ, ಅವಳು ಪಟ್ಟಿ ಬರೆಯುತ್ತ ಕೂತಿದ್ದ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಅವಳು ತಪ್ಪು ತಿದ್ದಿಕೊಳ್ಳಲಿ ಎಂದು ಒಂದು ದಾರಿ ಬಣ್ಣದ ಕೆಳಗೆ ಕಾದಿತ್ತು. ಅಂಗೈಯಲ್ಲಿದ್ದ ಹಳದಿ ಗುಂಗುರುಗಳನ್ನು ಚೆಲ್ಲಲಾರದೆ ನೋಟುಪುಸ್ತಕದ ಆ ಹಾಳೆಯೊಳಗೆ ಹಾಕಿ ಮಡಚಿದಳು. ಬಲ ಕಂಬದ ಸಾಸಿವೆಯಷ್ಟು ಕುಳಿಯನ್ನಾದರೂ ಈಗಲೇ ತುಂಬೋಣವೇ ಎಂದು ಕೇಳಿದಳು. ಅಪ್ಪ ಉರುಟು ಅರದಿಂದ ಅಂಚನ್ನು ಉಜ್ಜುತ್ತ, ಮೊದಲು ಯಾರೋ ಉಜ್ಜಿದ್ದ ಹಾಗೆಯೇ ಉಜ್ಜುತ್ತ, "ಇರ್ಲಿ ಬಿಡು, ಅದು ನಿಂದು" ಎಂದರು.

ಮೂರಕ್ಕೆ ಸರಿಯಾಗಿ ನರ್ಸಮ್ಮ ಬಂದರು. ಕರೆತಂದ ತಂಗಿಯ ಮಗ ಗೇಟಿನ ಹತ್ತಿರವೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಅವರು ಕೋಲನ್ನು ಅವಳ ಕೈಗೆ ಕೊಟ್ಟು ಪಿಕಪ್ಪಿನ ಸುತ್ತ ಹೆಜ್ಜೆಯಿಡತೊಡಗಿದರು. ಹಾಸಿಗೆಯಲ್ಲಿ ಮಲಗಿದವರ ಹೊಟ್ಟೆ ಮುಟ್ಟಿ ನೋಡುವ ಹಾಗೆ, ಅಂಗೈಯಿಂದ ಅಲ್ಲ, ಬೆರಳುಗಳ ತುದಿಯಿಂದ ಸ್ವಲ್ಪ ಒತ್ತಿ ಒತ್ತಿ ನೋಡುತ್ತಿದ್ದರು. ಬಿಸಿಲುಮರೆ. ಹಿಡಿಯ ಹಿಂದಿನ ಪುಟ್ಟ ಬೋಗುಣಿ. ಕಿಟಕಿಯೊಳಕ್ಕೆ ಬಾಗಿ ದಿಕ್ಸೂಚಿಯ ಹತ್ತಿರ ಕಿವಿ ತಂದು, ಇದು ಮಾತಾಡಲ್ಲ ಅಲ್ವಾ ಎಂದು ತಮ್ಮಷ್ಟಕ್ಕೆ ನಕ್ಕರು. ಆಮೇಲೆ ಯಾರ ಸಹಾಯವೂ ಇಲ್ಲದೆ ಎಡಬಾಗಿಲು ತೆಗೆದು, ಒಂದು ಕಾಲು ಮೆಟ್ಟಿಲಿಗೆ ಕೊಟ್ಟು, ಏರಿ ಕೂತರು. ಸೆರಗು ಸರಿಮಾಡಿಕೊಂಡರು. ಆ ಕೈ ತಡಕಲಿಲ್ಲ. ಮಡಿಲಿನಿಂದ ಎದ್ದು ನೇರ ಹೋಗಿ ಹಿಡಿಯ ಮೇಲೆ ಕೂತಿತು, ನಮ್ಮ ಮೂಗನ್ನು ನಾವು ಮುಟ್ಟಿಕೊಳ್ಳುವಷ್ಟು ಸಲೀಸಾಗಿ. ಅಷ್ಟು ವರ್ಷ ಆ ಕೈ ಆ ಜಾಗವನ್ನು ಗಾಳಿಯಲ್ಲಿ ಹಾಗೇ ಉಳಿಸಿಕೊಂಡು ಬಂದಿತ್ತು. ಹೊರಗೆ ದೀಪ ಮೆಲ್ಲನೆ ತಲೆ ತಿರುಗಿಸಿತು. ಅಪ್ಪ ನೆಲ ನೋಡುತ್ತಿದ್ದರು. ನರ್ಸಮ್ಮನ ಬೆರಳು ಹೊರಗೆ ಬಂದು ಕಂಬದ ಮೇಲೆ, ತೂತಿನ ಸುತ್ತ ಒಮ್ಮೆ ಓಡಿತು.

"ಇಲ್ಲಿ ಬಣ್ಣ ಇಲ್ಲ. ಹೊಸದಾಗಿ ಉಜ್ಜಿದ ಹಾಗಿದೆ."

"ನಾನು ಮುಚ್ಚಿಸಿಬಿಟ್ಟಿದ್ದೆ" ಎಂದಳು ಅವಳು. "ಯಾತಕ್ಕೂ ಬೇಡದ್ದು ಅಂದ್ಕೊಂಡಿದ್ದೆ. ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ."

ನರ್ಸಮ್ಮ ದನಿ ಬಂದ ಕಡೆ ಮುಖ ತಿರುಗಿಸಿದರು. "ಈ ದೀಪ ಹಿಡ್ಕೊಂಡೇ ನಾನು ಎಷ್ಟು ಸಲ ತಪ್ಪು ಬಾಗಿಲು ತಟ್ಟಿದ್ದೀನಿ ಗೊತ್ತಾ? ಒಂದ್ಸಲ ಎಂಬತ್ತು ವರ್ಷದ ಮುದುಕರೊಬ್ಬರು ಬಾಗಿಲು ತೆಗೆದ್ರು. ನೋವು ಯಾವಾಗ ಶುರುವಾಯ್ತು ಅಂತ ಕೇಳಿದೆ. ಇಪ್ಪತ್ತು ವರ್ಷ ಆಯ್ತು ತಾಯಿ, ಮೊಣಕಾಲು ಅಂದ್ರು." ಅಪ್ಪ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ನರ್ಸಮ್ಮ ಸೀಟಿನಲ್ಲಿ ನೆಟ್ಟಗೆ ಕೂತು ಬೆಳಕು ಹಾಕಲು ಹೇಳಿದರು. ಹಗಲು ಹೊತ್ತು, ಏನು ಕಾಣಬೇಕು ಎಂದುಕೊಳ್ಳುತ್ತ ಅವಳು ಸ್ವಿಚ್ಚು ಒತ್ತಿದಳು. ಶೆಡ್ಡಿನ ನೆರಳುಗೋಡೆಯ ಮೇಲೆ ತಟ್ಟೆಯಗಲದ ಒಂದು ತಿಳಿ ವೃತ್ತ ಬಿತ್ತು, ನೀರಿನ ಮೇಲಿನ ಬಿಂಬದ ಹಾಗೆ ನಡುಗಿ, ನಿಂತಿತು. "ಎಲ್ಲಿದೆ, ಹೇಳ್ತಾ ಹೋಗು" ಎಂದರು ನರ್ಸಮ್ಮ. ಗೋಡೆ, ಎಂದಳು. ಜೋರಾಗಿ ಹೇಳು, ಎಂಜಿನ್ ಸದ್ದಲ್ಲಿ ಕೇಳಿಸಬೇಕು ಎಂದರು. ಎಂಜಿನ್ ನಿಂತೇ ಇತ್ತು. ಸುತ್ತಿಗೆ, ಎಂದಳು. ಅರದ ಪೆಟ್ಟಿಗೆ. ಅಪ್ಪನ ಅಂಗಿ. ಕಿಟಕಿ. ಕುರುಡು ಕಣ್ಣುಗಳು ಎದುರಿನ ಗಾಜಿನ ಮೇಲೇ ನೆಟ್ಟಿದ್ದವು, ಕೈ ಮಾತ್ರ ಒಂದೊಂದು ಮನೆ ದಾಟುವಷ್ಟು ತಡೆದು ತಡೆದು ತಿರುಗುತ್ತಿತ್ತು, ಬೆಳಕು ಹಿಂದಿನ ಕೋಣೆಯ ಬಾಗಿಲನ್ನು ಸವರಿತು, ಬಾಗಿಲು ಎಂದು ಅವಳು ಕೂಗಿ ಹೇಳಿದಳು, ಆದರೆ ಕೈ ಅಲ್ಲಿ ನಿಲ್ಲಲಿಲ್ಲ, ಇನ್ನೂ ಒಂದಿಷ್ಟು ಹೊರಳಿ, ಹುಡುಕುತ್ತಿದ್ದದ್ದು ಸಿಕ್ಕಿತೆಂಬಂತೆ ನಿಂತುಬಿಟ್ಟಿತು.

"ಈಗ?"

ಎದೆಯ ಮೇಲೆ, ನೋಟುಪುಸ್ತಕ ಅವುಚಿಕೊಂಡ ಕೈಗಳ ಮೇಲೆ ಬಿಸುಪು ತಾಗಿತು. ಅವಳು ಪಕ್ಕಕ್ಕೆ ಸರಿಯಲಿಲ್ಲ.

"ನನ್ನ ಮೇಲೆ" ಎಂದಳು, ಎಂಜಿನ್ ಸದ್ದಿನಲ್ಲೂ ಕೇಳಿಸುವಷ್ಟು ಜೋರಾಗಿ.